ಯಾಸೆನ್‌ನ ಸಿಟ್ಟಿಗೆ ಗೆರ್ಗಿನಾಳ ವಕಾಲತ್ತು

ಬಲ್ಗೇರಿಯದ ಸಣ್ಣ ಊರುಗಳಿಗೆಲ್ಲ ಇರುವಂತೆ ನಮ್ಮ ದ್ರೆನೋವಿಕ್‌ಗೂ ಒಂದು ಓದುಮನೆ ಇದೆ. ಕೆಳಗೆ ಪುಸ್ತಕದ ಕೋಣೆ, ಮೇಲೆ ನಾಟಕದ ಹಾಲ್. ಗೆರ್ಗಿನಾ ವಾರವೆಲ್ಲ ಕೆಳಗೆ ಕೂತು ಪುಸ್ತಕ ಕೊಡುತ್ತಾಳೆ, ವಾಪಸು ತೆಗೆದುಕೊಳ್ಳುತ್ತಾಳೆ. ನಾಟಕದ ದಿನ ಮಾತ್ರ ಮೇಲೆ ಹೋಗಿ ಗೂಡಿನಲ್ಲಿ ಕೂರುತ್ತಾಳೆ. ರಂಗದ ಅಂಚಿನಲ್ಲಿ, ಹಲಗೆಗಳ ನಡುವೆ, ಅರ್ಧ ಕವುಚಿದ ಬಾನಿಯಂಥ ಮರದ ಗೂಡು ಅದು. ಜನಕ್ಕೆ ಅದರ ಬೆನ್ನು ಕಾಣುತ್ತದೆ, ನಟರಿಗೆ ಗೆರ್ಗಿನಾಳ ಮುಖ. ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ಆಕೆಯ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ.

ಸುಲಭದ ಕೆಲಸವಲ್ಲ. ನಟ ಸುಮ್ಮನಾದ ಕೂಡಲೇ ಮಾತು ಕೊಡುವ ಹಾಗಿಲ್ಲ. ಅವನು ಬೇಕೆಂದೇ ತಡೆದು ನಿಂತಿರಬಹುದು. ಆಗ ಪಿಸುಗುಟ್ಟಿದರೆ ಅವನ ಆಟ ಕೆಡುತ್ತದೆ. ನಿಜವಾಗಿ ಮರೆತಿದ್ದರೆ ಒಂದು ಉಸಿರು ತಡವಾದರೂ ಊರಿನ ಮಾನ ಹೋಗುತ್ತದೆ. ಮರೆತವನು ಕಾಲ್ಬೆರಳಿನ ಮೇಲೆ ಭಾರ ಹಾಕುತ್ತಾನೆ ಎನ್ನುತ್ತಾಳೆ ಗೆರ್ಗಿನಾ. ಅವಳ ಕಣ್ಣಿನ ಮಟ್ಟಕ್ಕೆ ಇರುವುದು ಕಾಲುಗಳೇ.

ಊರಲ್ಲಿ ಅವಳಿಗೆ ಇನ್ನೊಂದು ಹೆಸರೂ ಇದೆ, ಕೆಂಡ ಗೆರ್ಗಿನಾ. ಹಾಗೆಂದು ಕರೆಯುವವರಲ್ಲಿ ಮುಕ್ಕಾಲು ಪಾಲು ಜನ ಅವಳು ಸಿಟ್ಟು ಮಾಡಿದ್ದನ್ನು ಕಂಡವರಲ್ಲ. ಅವಳು ದನಿ ಎತ್ತಿದ್ದು ಒಂದೇ ಸಲ, ಎಪ್ಪತ್ತೇಳರ ಏಪ್ರಿಲ್‌ನಲ್ಲಿ. ಆಗ ಅವಳಿಗೆ ಹದಿನಾರು.

ಆ ಚಳಿಗಾಲ ಶ್ವಾಸಕೋಶದಲ್ಲಿ ನೀರು ತುಂಬಿ ಅವಳನ್ನು ಬೆಟ್ಟದ ಮೇಲಿನ ಆರೋಗ್ಯಧಾಮಕ್ಕೆ ಸೇರಿಸಿದ್ದರು. ಅವಳ ಅಪ್ಪ ಊರಿನ ಅಂಚೆಯವ. ವಾರಕ್ಕೊಂದು ಕಾಗದ ಬರೆಯುತ್ತಿದ್ದ. ಫೆಬ್ರುವರಿಯಲ್ಲಿ ಅಪ್ಪನ ಅಕ್ಷರ ನಿಂತಿತು. ಬದಲಿಗೆ ಗೆಳತಿ ರುಸಾನಾಳ ಗುಂಡಗಿನ ಅಕ್ಷರ ಬಂತು: ನಿನ್ನ ಅಪ್ಪ ಮಂಜಿನಲ್ಲಿ ಜಾರಿ ಬಲಗೈ ನೋಯಿಸಿಕೊಂಡಿದ್ದಾರೆ, ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಹಾಗೆ ಮೂರು ಕಾಗದ ಬಂದವು. ಒಂದೊಂದರ ಕೊನೆಗೂ ಇನ್ನೊಬ್ಬ ಗೆಳತಿ ಪೆನ್ಕಾಳ ಎರಡು ಸಾಲು, ಅಪ್ಪ ಚೆನ್ನಾಗಿದ್ದಾರೆ ಎಂದು. ಗೆರ್ಗಿನಾ ಮೂರಕ್ಕೂ ಅಪ್ಪನ ಹೆಸರಿಗೇ ಉತ್ತರ ಬರೆದಳು. ಅಪ್ಪನನ್ನು ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಗಾಬರಿಯಾದರೆ ಹುಡುಗಿಯ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವಳ ಅಮ್ಮ ಹುಡುಗಿಯರಿಬ್ಬರ ಕೈ ಹಿಡಿದು ಬೇಡಿಕೊಂಡಿದ್ದಳಂತೆ.

ಗೆರ್ಗಿನಾ ಊರಿಗೆ ಬರುವ ದಿನ ಇಬ್ಬರೂ ಬೆಳಿಗ್ಗೆಯೇ ಎದ್ದು ಇನ್ನೊಂದು ಕೆಲಸ ಮಾಡಿದರು. ನಮ್ಮಲ್ಲಿ ಯಾರಾದರೂ ಸತ್ತರೆ ಅವರ ಫೋಟೊ ಇರುವ ಕಪ್ಪಂಚಿನ ಕಾಗದ ಅಚ್ಚು ಹಾಕಿಸಿ ಬಾಗಿಲಿಗೆ, ಕಂಬಕ್ಕೆ, ಮರಕ್ಕೆ ಅಂಟಿಸುತ್ತೇವೆ. ನಲವತ್ತನೇ ದಿನಕ್ಕೆ ಹೊಸದು, ಆರು ತಿಂಗಳಿಗೆ ಮತ್ತೊಂದು. ಬಸ್ ನಿಲ್ದಾಣದಿಂದ ಗೆರ್ಗಿನಾಳ ಮನೆಯವರೆಗೆ ಅವಳ ಅಪ್ಪನ ಮುಖ ಇದ್ದ ಪ್ರತಿ ಕಾಗದವನ್ನೂ ಅವರು ಕೆರೆದು ತೆಗೆದರು. ರಸ್ತೆಯ ಎಡಬದಿ ರುಸಾನಾ, ಬಲಬದಿ ಪೆನ್ಕಾ. ಮನೆಯೊಳಗೆ ಕೂರಿಸಿ, ನೀರು ಕೊಟ್ಟು, ಆಮೇಲೆ ಅಮ್ಮ ಹೇಳಲಿ ಎಂದು. ನೀರಿನ ಕಟ್ಟೆಯ ಹತ್ತಿರದ ಅಕ್ರೋಟು ಮರಕ್ಕೆ ಎರಡು ಕಾಗದ ಇದ್ದವು. ರಸ್ತೆಗೆ ಕಾಣುವುದನ್ನು ಕಿತ್ತರು, ಹಿಂಬದಿಯದು ಉಳಿಯಿತು.

ಬಸ್ಸಿನಿಂದಿಳಿದವಳಿಗೆ ಬಾಯಾರಿತ್ತು. ಕಟ್ಟೆಗೆ ಬಗ್ಗಿ ನೀರು ಕುಡಿದು ತಲೆ ಎತ್ತಿದಳು.

ಅವತ್ತು ಅವಳು ಕರೆದೊಯ್ಯಲು ಬಂದಿದ್ದ ಗೆಳತಿಯರಿಬ್ಬರ ಮೇಲೆ ಕೂಗಿದ್ದನ್ನು ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ಕೇಳಿದರು. ಸಂಜೆಯೊಳಗೆ ಊರು ತೀರ್ಪು ಕೊಟ್ಟಿತು. ಪಾಪ, ಆ ಹುಡುಗಿಯರು ಇವಳ ಒಳ್ಳೆಯದಕ್ಕೆ ಮಾಡಿದರು. ಇವಳ ನಾಲಿಗೆ ನೋಡಿ, ಕೆಂಡ. ಮಾರನೆಯ ದಿನದಿಂದ ಗೆರ್ಗಿನಾ ಆ ಮಾತು ಎತ್ತಲಿಲ್ಲ. ಇಬ್ಬರನ್ನೂ ಕಂಡರೆ ನಮಸ್ಕಾರ ಹೇಳಿದಳು, ಹಬ್ಬಕ್ಕೆ ಶುಭಾಶಯ ಹೇಳಿದಳು, ಅವರ ಮದುವೆಗಳಲ್ಲಿ ಕುಣಿದಳು. ಗೆಳೆತನ ಎನ್ನುವುದು ಮಾತ್ರ ಅಲ್ಲಿರಲಿಲ್ಲ. ಅಪ್ಪನಿಗಾಗಿ ಊರೆಲ್ಲ ಅತ್ತು ಮುಗಿಸಿದ ಮೇಲೆ ಅವಳೊಬ್ಬಳೇ ಅತ್ತಿದ್ದಳು. ಆ ಅಳುವಿಗೂ ಸಿಟ್ಟಿಗೂ ಊರಲ್ಲಿ ಜಾಗ ಸಿಕ್ಕಿರಲಿಲ್ಲ.

ಪೆನ್ಕಾ ಬೇಕರಿ ಇಟ್ಟಳು. ರುಸಾನಾ ಶಾಲೆಯಲ್ಲಿ ಸಾಹಿತ್ಯದ ಟೀಚರ್ ಆದಳು. ಅವಳು ಮಕ್ಕಳಿಂದ ಎರಡು ವರ್ಷಕ್ಕೊಮ್ಮೆ ಓದುಮನೆಯಲ್ಲಿ ‘ಪಾತ್ರದ ವಿಚಾರಣೆ’ ಮಾಡಿಸುತ್ತಾಳೆ. ಕತೆಯೊಂದರ ನಾಯಕನನ್ನು ಕಟಕಟೆಯಲ್ಲಿ ನಿಲ್ಲಿಸುವುದು, ಒಬ್ಬರು ಆರೋಪ ಹೊರಿಸುವುದು, ಒಬ್ಬರು ಕಾಪಾಡುವುದು, ಹನ್ನೆರಡು ಜನ ಪಂಚರು ಕೂತು ತೀರ್ಪು ಹೇಳುವುದು. ರುಸಾನಾಳ ಟೀಚರೂ ಮಾಡಿಸುತ್ತಿದ್ದರು, ಅವರ ಟೀಚರೂ. ವಾದಗಳನ್ನು ರುಸಾನಾ ಮೊದಲೇ ಬರೆದುಕೊಡುತ್ತಾಳೆ. ತೀರ್ಪು ಮಾತ್ರ ಪಂಚರದೇ.

ಈ ವರ್ಷ ಮಕ್ಕಳು ಆರಿಸಿದ್ದು ಯಾಸೆನ್‌ನನ್ನು. ಕೆಳಗಿನ ಕೋಣೆಯಲ್ಲಿ ಆ ಕತೆಯ ನಾಲ್ಕು ಪ್ರತಿ ಇದ್ದವು, ನಾಲ್ಕೂ ಹರಿದುಹೋಗುವಷ್ಟು ಓದಿಸಿಕೊಂಡಿದ್ದವು. ಯಾಸೆನ್ ಹದಿನೈದು ವರ್ಷದವನು, ಬೆಟ್ಟದ ದಂಗೆಕೋರರಿಗೆ ಸುದ್ದಿ ಮುಟ್ಟಿಸುವವನು. ಗಾಯವಾಗಿ ಮೂರು ತಿಂಗಳು ಒಂದು ನೀರುಗಿರಣಿಯ ಅಟ್ಟದಲ್ಲಿ ಅಡಗಿರುತ್ತಾನೆ. ಗೆಳೆಯ ಬೊಝಿಲ್, ಗೆಳತಿ ಕಲೀನಾ ವಾರಕ್ಕೊಮ್ಮೆ ಬ್ರೆಡ್ ತಂದುಕೊಟ್ಟು, ಮನೆಯಲ್ಲಿ ಎಲ್ಲ ಸುಖ ಎನ್ನುತ್ತಾರೆ. ಸೈನಿಕರು ಹಚ್ಚಿದ ಬೆಂಕಿಗೆ ಮನೆ ಸುಟ್ಟು ಬೂದಿಯಾಗಿರುತ್ತದೆ, ಸಾಕಿದ ಅಜ್ಜಿ ಸತ್ತಿರುತ್ತಾಳೆ. ದಾರಿಹೋಕ ವ್ಯಾಪಾರಿಯೊಬ್ಬನ ಬಾಯಲ್ಲಿ ಅದು ಯಾಸೆನ್‌ಗೆ ತಿಳಿಯುತ್ತದೆ. ಮುಂದಿನ ಸಲ ಗೆಳೆಯರು ಬಂದಾಗ ಅವರು ತಂದ ಬ್ರೆಡ್ಡನ್ನು ಕಾಲುವೆಗೆ ಎಸೆದು, ಎರಡು ಪುಟ ಕೂಗಾಡಿ, ಒಬ್ಬನೇ ಬೆಟ್ಟ ಇಳಿದು ಹೋಗುತ್ತಾನೆ.

ಅವನ ಸಿಟ್ಟು ನ್ಯಾಯವೇ? ಶಾಲೆ ಎರಡು ಹೋಳಾಗಿತ್ತು. ಒಂದೇ ಬೆಂಚಿನವರು ಬೇರೆ ಬೇರೆ ಕೂರುತ್ತಿದ್ದರು.

ತಾಲೀಮಿನ ದಿನ ಗೆರ್ಗಿನಾ ವಾದದ ಹಾಳೆಗಳನ್ನು ಓದಿಕೊಂಡು ರುಸಾನಾಳ ಮೇಜಿನ ಹತ್ತಿರ ಬಂದಳು.

“ಇದರಲ್ಲಿ ಹುಡುಗನ ಪರ ವಾದ ಎಲ್ಲಿದೆ?”

“ಕೊನೇ ಹಾಳೆ. ಬಿಲ್ಯಾನಾ ಹೇಳೋದು.”

“ಓದಿದೆ. ನನ್ನ ಕಕ್ಷಿದಾರ ತಪ್ಪು ಮಾಡಿದ್ದಾನೆ, ವಯಸ್ಸು ಚಿಕ್ಕದು, ಕ್ಷಮಿಸಿ ಅಂತ ಇದೆ. ಅದು ವಾದ ಅಲ್ಲ. ಅದು ಸೋತ ಮೇಲೆ ಹೇಳೋದು.”

ರುಸಾನಾ ಕನ್ನಡಕ ತೆಗೆದು ಒರೆಸಿದಳು. “ಗೆರ್ಗಿನಾ, ಮಕ್ಕಳ ಆಟ ಇದು. ಗೆಳೆಯರ ಮೇಲೆ ಕೂಗಾಡೋದು ಸರಿ ಅಂತ ಕಲಿಸೋಕಾಗುತ್ತಾ?”

“ನೀನು ಟೀಚರ್ರು. ನಿನಗೆ ಗೊತ್ತು,” ಎಂದು ಗೆರ್ಗಿನಾ ಹಾಳೆ ಮಡಚಿದಳು. ಯಾವಾಗಿನ ಹಾಗೆ ಮರ್ಯಾದೆಯಿಂದಲೇ.

ಅದೇ ಸಂಜೆ ಬಿಲ್ಯಾನಾ ಪುಸ್ತಕದ ಕೋಣೆಗೆ ಬಂದಳು. ಹದಿನೈದರ ಹುಡುಗಿ, ಉಗುರು ಕಚ್ಚುವ ಅಭ್ಯಾಸ. ಆ ಕತೆಯನ್ನು ನಾಲ್ಕು ಸಲ ಓದಿದ್ದಳು.

“ಅತ್ತೆ, ನಂಗೆ ಆ ಮೊದಲನೇ ವಾಕ್ಯ ಹೇಳೋಕಾಗಲ್ಲ. ಅವನು ತಪ್ಪು ಮಾಡಿಲ್ಲ.”

“ಟೀಚರಿಗೆ ಹೇಳು.”

“ಹೇಳಿದೆ. ಬರೆದಿದ್ದನ್ನ ಹೇಳು ಅಂದ್ರು.”

“ಹಾಗಾದ್ರೆ ಬರೆದಿದ್ದನ್ನ ಹೇಳು. ನಾವು ಬರೆಯೋರಲ್ಲ ಮಗೂ, ನೀನೂ ಅಲ್ಲ, ನಾನೂ ಅಲ್ಲ.”

ಹುಡುಗಿ ಹೋದ ಮೇಲೆ ಗೆರ್ಗಿನಾ ತುಂಬಾ ಹೊತ್ತು ಒಂದೇ ಪುಸ್ತಕಕ್ಕೆ ಮೊಹರು ಒತ್ತುತ್ತಿದ್ದಳು ಎಂದು ಆಗ ಅಲ್ಲಿದ್ದವರು ಹೇಳುತ್ತಾರೆ.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಹೊರಗೆ ಪ್ಲಮ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು, ಒಳಗೆ ನೂರೈವತ್ತು ಜನ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದರು. ಬೀಜ ತರಬಾರದೆಂದು ಬಾಗಿಲಲ್ಲಿ ಬರೆದು ಹಾಕಿದೆ. ಆ ಬೋರ್ಡಿನ ಕೆಳಗೂ ಸಿಪ್ಪೆ ಬಿದ್ದಿರುತ್ತದೆ. ನ್ಯಾಯಾಧೀಶರ ಕುರ್ಚಿಯಲ್ಲಿ ರುಸಾನಾ, ಕೈಯಲ್ಲಿ ಶಾಲೆಯ ಗಂಟೆ. ಪಂಚರ ಬೆಂಚಿನಲ್ಲಿ ಹನ್ನೆರಡು ಜನ, ಮೂರನೆಯವಳು ಪೆನ್ಕಾ. ಪ್ರತಿಯೊಬ್ಬರ ಕೈಗೂ ಎರಡು ಬೀನ್ಸ್ ಕಾಳು ಕೊಟ್ಟಿದ್ದರು. ಸಿಟ್ಟು ನ್ಯಾಯ ಎಂದರೆ ಬಿಳಿಯದು, ಅಲ್ಲ ಎಂದರೆ ಚುಕ್ಕಿಯದು.

ಆರೋಪ ಹೊರಿಸುವವನು ಕಾಮೆನ್, ಔಷಧಿ ಅಂಗಡಿಯವರ ಮಗ. ಅಪ್ಪನ ಟೈ ಕಟ್ಟಿಕೊಂಡು ಬಂದಿದ್ದ.

“ಮಹಾಜನರೇ, ಗೆಳೆಯರು ಪ್ರಾಣ ಕೈಲಿ ಹಿಡಿದು ಬೆಟ್ಟ ಹತ್ತಿ ಇವನಿಗೆ ಊಟ ತಂದರು. ಇವನು ಏನು ಮಾಡಿದ? ಬ್ರೆಡ್ಡನ್ನ ನೀರಿಗೆ ಎಸೆದ.”

ಮುಂದಿನ ಸಾಲಿನ ಮುದುಕಿಯರು ಶಿಲುಬೆ ಗುರುತು ಹಾಕಿಕೊಂಡರು. ನಮ್ಮೂರಲ್ಲಿ ಕೈಜಾರಿ ಬಿದ್ದ ತುಂಡನ್ನೂ ಎತ್ತಿ ಮುತ್ತಿಡುತ್ತಾರೆ. ಕಾಮೆನ್‌ಗೆ ಅದು ಗೊತ್ತಿತ್ತು. ಬ್ರೆಡ್ಡಿನ ಮಾತನ್ನೇ ಮೂರು ಸಲ ಹೇಳಿ ಕೂತ.

ಬಿಲ್ಯಾನಾ ಎದ್ದಳು. “ಮಾನ್ಯ ನ್ಯಾಯಾಧೀಶರೇ,” ಎಂದು ಅಲ್ಲಿಗೇ ನಿಲ್ಲಿಸಿದಳು.

ಗೂಡಿನಿಂದ ಗೆರ್ಗಿನಾ ಅವಳ ಕಾಲು ನೋಡಿದಳು. ಹಿಮ್ಮಡಿ ನೆಲಕ್ಕೆ ಊರಿತ್ತು. ಮರೆತಿರಲಿಲ್ಲ. ಹುಡುಗಿಗೆ ಆ ಮಾತು ಬೇಡವಾಗಿತ್ತು.

ಹಾಳೆ ಗೆರ್ಗಿನಾಳ ಮೊಣಕಾಲ ಮೇಲಿತ್ತು. ನನ್ನ ಕಕ್ಷಿದಾರ ತಪ್ಪು ಮಾಡಿದ್ದಾನೆ. ನಾಲ್ಕು ಪದ. ಬೆನ್ನ ಹಿಂದೆ ಬೀಜ ಒಡೆಯುವ ಸದ್ದು ಕಮ್ಮಿಯಾಗತೊಡಗಿತ್ತು. ಯಾರೋ ಕೆಮ್ಮಿದರು. ಬಿಲ್ಯಾನಾ ಕಣ್ಣು ಇಳಿಸಿ ಗೂಡಿನೊಳಗೆ ನೋಡಿದಳು.

“ನನ್ನ ಕಕ್ಷಿದಾರ ತಪ್ಪು ಮಾಡಿಲ್ಲ,” ಎಂದು ಪಿಸುಗುಟ್ಟಿದಳು ಗೆರ್ಗಿನಾ.

ಹುಡುಗಿಯ ಮುಖ ಅರಳಿತು. “ನನ್ನ ಕಕ್ಷಿದಾರ ತಪ್ಪು ಮಾಡಿಲ್ಲ,” ಎಂದು ಹಿಂದಿನ ಸಾಲಿಗೆ ಕೇಳುವಂತೆ ಹೇಳಿದಳು.

ಕಾಮೆನ್ ಎದ್ದು ನಿಂತ. “ಮೇಡಂ, ಇದು ಬರೆದಿದ್ದರಲ್ಲಿ ಇಲ್ಲ.”

ಸಭೆ ನಕ್ಕಿತು. ರುಸಾನಾ ಗಂಟೆ ಎತ್ತಿಕೊಂಡಳು. ಬಾರಿಸಬಹುದಿತ್ತು, ಹುಡುಗಿಯನ್ನು ಕೂರಿಸಿ ಹಾಳೆ ಕೊಡಬಹುದಿತ್ತು. ಅವಳ ಕಣ್ಣು ಗೂಡಿನ ಕಡೆ ಹೋಯಿತು. ಗಂಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

“ವಕೀಲರು ಮುಂದುವರಿಸಲಿ.”

ಗೆರ್ಗಿನಾ ಒಂದೊಂದೇ ವಾಕ್ಯ ಕೊಟ್ಟಳು, ಬಿಲ್ಯಾನಾ ಒಂದೊಂದನ್ನೇ ಎತ್ತಿ ಹೇಳಿದಳು. ಮೂರನೆಯದೋ ನಾಲ್ಕನೆಯದೋ ಆದಾಗ ಹುಡುಗಿ ರಂಗದ ಅಂಚಿಗೆ ಬಂದು ಮಂಡಿಯೂರಿದಳು.

“ಅತ್ತೆ, ನೀವೇ ಬನ್ನಿ. ನನ್ನ ಬಾಯಲ್ಲಿ ಇದು ಅರ್ಧ ಆಗ್ತಾ ಇದೆ.”

ಗೂಡಿನಿಂದ ರಂಗಕ್ಕೆ ಬರಲು ಮೆಟ್ಟಿಲಿಲ್ಲ. ಗೆರ್ಗಿನಾ ಮೊಣಕೈ ಊರಿ, ಒಂದು ಮಂಡಿ ಹಾಕಿ, ಬಿಲ್ಯಾನಾಳ ಕೈ ಹಿಡಿದು ಮೇಲೆ ಬಂದಳು. ಲಂಗದ ತುಂಬ ಧೂಳು.

“ಅರೆ, ಇವಳಿಗೆ ಕಾಲೂ ಇದಾವೆ,” ಎಂದ ಎರಡನೇ ಸಾಲಿನಲ್ಲಿದ್ದ ಹಳೆಯ ನಟ ಸ್ತಾನ್ಯು ತಾತ.

“ಇದಾವೆ ತಾತ. ನಿಮ್ಮ ಕಾಲನ್ನ ಮೂವತ್ತೊಂದು ವರ್ಷದಿಂದ ನೋಡ್ತಿದೀನಿ, ಇವತ್ತು ನೀವು ನನ್ನವು ನೋಡಿ.”

ನಗು ಇಳಿಯುವವರೆಗೆ ಕಾದಳು. ಎಷ್ಟು ಹೊತ್ತು ಕಾಯಬೇಕೆಂದು ನಮ್ಮೂರಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಬ್ರೆಡ್ ವಿಷಯಕ್ಕೆ ಅವನಿಗೆ ಶಿಕ್ಷೆ ಕೊಡಿ,” ಎಂದಳು. “ಒಂದು ವಾರ ಪೆನ್ಕಾಳ ಬೇಕರೀಲಿ ಹಿಟ್ಟು ನಾದಲಿ. ಅದು ಒಪ್ಪಿದೆ. ಸಿಟ್ಟಿನ ಮಾತು ಬೇರೆ.”

ಕಾಮೆನ್ ಬಿಡುವ ಹುಡುಗನಲ್ಲ. “ಅವರು ಅವನನ್ನ ಪ್ರೀತಿಸ್ತಿದ್ರು, ಗೆರ್ಗಿನಾ ಅತ್ತೆ. ಗೊತ್ತಾದರೆ ಓಡಿ ಹೋಗಿ ಸಾಯ್ತಾನೆ ಅಂತ ಹೆದರಿದ್ರು.”

“ಪ್ರೀತಿ ಇತ್ತು. ಇಲ್ಲ ಅಂತ ಯಾರಂದ್ರು? ಮನೆ ಸುಟ್ಟ ಸೈನಿಕರ ಮೇಲೆ ಅವನು ಎರಡು ಪುಟ ಕೂಗಿಲ್ಲ ನೋಡು. ಅವರಿಂದ ಅವನಿಗೆ ಬೇಕಾದ್ದು ಏನೂ ಇರಲಿಲ್ಲ. ಈ ಇಬ್ಬರಿಂದ ಇತ್ತು.”

“ಏನು ಬೇಕಿತ್ತು?”

“ನಿಜ.”

“ಅವರೂ ಹದಿನೈದರವರು. ದೊಡ್ಡವರು ಹೇಳಬೇಡಿ ಅಂದಿದ್ರು. ಏನು ಮಾಡಬೇಕಿತ್ತು ಅವರು?”

ಗೆರ್ಗಿನಾ ಪಕ್ಕಕ್ಕೆ ತಿರುಗಿದಳು. ಪಂಚರ ಬೆಂಚಿನಲ್ಲಿ ಪೆನ್ಕಾ ಎರಡೂ ಕೈಯನ್ನು ತೊಡೆಯ ಮೇಲೆ ಬಿಗಿಹಿಡಿದು ಕೂತಿದ್ದಳು.

“ಒಳ್ಳೆ ಪ್ರಶ್ನೆ ಕಾಮೆನ್. ನಾನೂ ಬಹಳ ವರ್ಷ ಕೇಳಿಕೊಂಡಿದೀನಿ. ಅವರು ಸುಮ್ಮನಿರಬಹುದಿತ್ತು. ಕೇಳಬೇಡ, ನಮ್ಮನ್ನ ಹೇಳೋಕೆ ಬಿಟ್ಟಿಲ್ಲ ಅನ್ನಬಹುದಿತ್ತು. ಆಗ ಅವನಿಗೆ ಭಯ ಆಗ್ತಿತ್ತು, ಆದರೆ ಆ ಭಯದಲ್ಲಿ ಮೂರು ಜನ ಜೊತೆಗಿರ್ತಿದ್ರು. ಮನೇಲಿ ಸುಖ ಅಂದರು ನೋಡು, ಆಗ ಅವನನ್ನ ಅಟ್ಟದ ಮೇಲೆ ಒಬ್ಬನನ್ನೇ ಬಿಟ್ಟು ಇಳಿದುಬಿಟ್ರು. ಬ್ರೆಡ್ ತಂದಾಗಲೆಲ್ಲ ಒಬ್ಬನನ್ನೇ ಬಿಟ್ಟು ಹೋದ್ರು. ಅವನ ಅಜ್ಜಿ ಸತ್ತಾಗ ಊರು ಸೇರಿ ಅತ್ತಿತು. ಅವನು ಅಟ್ಟದ ಮೇಲೆ ಬ್ರೆಡ್ ತಿಂದುಕೊಂಡು ಅಜ್ಜಿ ಬಗ್ಗೆ ತಮಾಷೆ ಮಾಡ್ತಿದ್ದ, ಮೂವತ್ತನೇ ಪುಟ, ನಿಮಗೆ ನೆನಪಿರುತ್ತೆ. ಅವರು ಅದನ್ನ ಕೇಳಿಸ್ಕೊಂಡು ನಕ್ಕರು. ನೀವು ಎಷ್ಟು ತಡೀಬಹುದು ಅನ್ನೋದನ್ನ ನಿಮ್ಮನ್ನ ಕೇಳದೆ ಬೇರೆಯವರು ಅಳೆದುಬಿಟ್ಟರೆ ಏನನ್ನಿಸುತ್ತೆ? ಅವನು ಕೂಗಿದ. ಎರಡು ಪುಟ. ನಂಗೆ ಕಮ್ಮಿ ಅನ್ನಿಸ್ತು.”

ಮಕ್ಕಳ ಸಾಲಿನಲ್ಲಿ ಒಬ್ಬಳು ಪಟಪಟನೆ ಚಪ್ಪಾಳೆ ತಟ್ಟಿ, ನಾಚಿ ನಿಲ್ಲಿಸಿದಳು.

“ಅವರು ಕೆಟ್ಟವರಲ್ಲ,” ಎಂದಳು ಗೆರ್ಗಿನಾ. “ಅವರಿಗೆ ಶಿಕ್ಷೆ ಕೇಳ್ತಿಲ್ಲ. ಸಿಟ್ಟು ಮಾಡಿದ್ದು ಅವನ ತಪ್ಪು ಅಂತ ಮಾತ್ರ ಬರೀಬೇಡಿ. ಅಷ್ಟೇ ನನ್ನ ವಾದ.”

ಪಂಚರು ಒಬ್ಬೊಬ್ಬರೇ ಎದ್ದು ಮಡಕೆಗೆ ಕಾಳು ಹಾಕಿದರು. ಗುಟ್ಟಾಗಿ ಹಾಕಬೇಕೆಂಬ ನಿಯಮವಿದೆ. ಪೆನ್ಕಾ ತನ್ನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸಭೆಗೆಲ್ಲ ತೋರಿಸಿ ಹಾಕಿದಳು. ಬಿಳಿಯದು. ಕಾಮೆನ್ ಆಕ್ಷೇಪಿಸಲು ಬಾಯಿ ತೆರೆದ, ಅವನ ಅಮ್ಮ ಮೂರನೇ ಸಾಲಿನಿಂದ ಕಣ್ಣು ಬಿಟ್ಟಳು, ಕೂತ.

ರುಸಾನಾ ಮಡಕೆ ಬೋರಲು ಹಾಕಿ ಎಣಿಸಿದಳು. ಬಿಳಿಯವು ಒಂಬತ್ತು, ಚುಕ್ಕಿಯವು ಮೂರು.

“ಯಾಸೆನ್‌ನ ಸಿಟ್ಟು ನ್ಯಾಯವಾದದ್ದು ಎಂದು ಈ ಸಭೆ ತೀರ್ಮಾನಿಸಿದೆ,” ಎಂದು ಓದಿದಳು. ಮಕ್ಕಳು ಬೆಂಚು ಬಡಿದರು. ಅವಳು ಗಂಟೆ ಬಾರಿಸಿ ಸದ್ದಡಗಿಸಿ, ಅಲ್ಲಿಗೆ ಮುಗಿಸದೆ ಎದ್ದು ನಿಂತಳು. ಪಂಚರಿಗೆ ಕಾಳು ಹಂಚಿದ ಬುಟ್ಟಿಯಲ್ಲಿ ಉಳಿದಿದ್ದ ಒಂದು ಬಿಳಿ ಕಾಳು ಆರಿಸಿ ಒಂಬತ್ತರ ಪಕ್ಕ ಇಟ್ಟಳು.

“ಆ ಮೂರು ಕಾಗದ ಬರೆದದ್ದು ನಾನು,” ಎಂದಳು. ಹೇಳಿದ್ದು ಪುಸ್ತಕದ ವಿಷಯವಲ್ಲವೆಂದು ವಯಸ್ಸಾದವರಿಗೆಲ್ಲ ತಿಳಿಯಿತು. “ಗೆರ್ಗಿನಾಳ ಅಮ್ಮ ಒಂದು ಸಾಕು ಅಂದಿದ್ದರು. ನನಗೆ ಬರೆಯೋದು ಚೆನ್ನಾಗಿ ಬರ್ತಿತ್ತು, ಮೂರು ಬರೆದೆ. ಅವಳ ಉತ್ತರಗಳನ್ನೂ ಓದಿದೆ. ನಲವತ್ತೆರಡು ವರ್ಷದಿಂದ ಊರು ಅವಳನ್ನ ಕೆಂಡ ಅಂತ ಕರೆಯುತ್ತೆ, ನಾನು ಸುಮ್ಮನೆ ಕೇಳಿಸ್ಕೊಂಡಿದೀನಿ. ಈ ತೀರ್ಪು ಅದಕ್ಕೂ ಸೇರಲಿ.”

ಮೊದಲು ಎದ್ದವನು ಸ್ತಾನ್ಯು ತಾತ. ಅವನ ಮಡಿಲಲ್ಲಿದ್ದ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. ಆಮೇಲೆ ಮುದುಕಿಯರ ಸಾಲು ಎದ್ದಿತು, ಆಮೇಲೆ ಇಡೀ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ನಟರಿಗೆ ತಟ್ಟುವ ಹಾಗೆ, ಒಂದೇ ತಾಳದಲ್ಲಿ. ಗೆರ್ಗಿನಾಳಿಗೆ ತಲೆ ಬಾಗಿಸುವುದು ಗೊತ್ತಿರಲಿಲ್ಲ. ನೆಟ್ಟಗೆ ನಿಂತೇ ಇದ್ದಳು. ಬಿಲ್ಯಾನಾ ಪಕ್ಕದಿಂದ ಬಗ್ಗಿ ಬಗ್ಗಿ ತೋರಿಸುತ್ತಿದ್ದಳು.

ಹೊರಗೆ ಬಿಸಿಲು ಚೆನ್ನಾಗಿತ್ತು. ಮೆಟ್ಟಿಲ ಕೆಳಗೆ ಪೆನ್ಕಾ ಕಾದಿದ್ದಳು, ತೋಳಿನ ಮೇಲೆ ಬೆಳಗಿನ ಹಿಟ್ಟು ಹಾಗೇ ಇತ್ತು.

“ಒಂದು ಕೇಳ್ಲಾ?”

“ಕೇಳು.”

“ಅವತ್ತು ಬೈದೆ. ಮಾರನೇ ದಿನ ಯಾಕೆ ನಿಲ್ಲಿಸಿದೆ? ಆವತ್ತಿಂದ ‘ಹೇಗಿದೀಯ ಪೆನ್ಕಾ, ಎರಡು ಬ್ರೆಡ್ ಕೊಡು ಪೆನ್ಕಾ, ದೇವರು ಒಳ್ಳೇದು ಮಾಡ್ಲಿ ಪೆನ್ಕಾ.’ ನಿನ್ನ ಮರ್ಯಾದೆ ತಿಂದು ತಿಂದು ನಂಗೆ ಅಜೀರ್ಣ ಆಗಿದೆ ಕಣೇ.”

“ಊರು ಬಾಯಿ ಮುಚ್ಚಿಸ್ತು. ಮುಚ್ಚಿದೆ.”

“ನಾವು ಕಾಯ್ತಾ ಇದ್ವಿ.”

“ಏನಕ್ಕೆ?”

“ಮಿಕ್ಕಿದ್ದಕ್ಕೆ.”

ರುಸಾನಾ ಗಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಬಂದಳು. ಗೆರ್ಗಿನಾ ಇಬ್ಬರನ್ನೂ ನೋಡಿದಳು. ಲಂಗದ ಧೂಳು ಕೊಡವಿದಳು. ಉಸಿರು ಎಳೆದುಕೊಂಡಳು.

“ಹಾಗಾದ್ರೆ ಕೇಳಿಸ್ಕೊಳ್ಳಿ. ರುಸಾನಾ, ನೀನು ಮೊದಲು. ನಮ್ಮಪ್ಪ ನಾನು ಹುಟ್ಟಿದಾಗಿಂದ ‘ಪ್ರಿಯ ಪುತ್ರಿ’ ಅಂತ ನನ್ನ ಕರೆದವನಲ್ಲ. ಕರೀತಿದ್ದುದು ಕೋತಿ ಅಂತ. ಅಷ್ಟೂ ಗೊತ್ತಿಲ್ದೆ ಸತ್ತವನ ಬಾಯಲ್ಲಿ ಮಾತು ಹಾಕೋಕೆ ಹೊರಟಿದ್ಯಾ ನೀನು? ಆ ಎರಡನೇ ಕಾಗದದಲ್ಲಿ ವಸಂತದ ವರ್ಣನೆ ಬೇರೆ! ಅಂಚೆಯವ ವಸಂತದ ವರ್ಣನೆ ಮಾಡ್ತಾನಾ, ಕೆಸರು ಅಂತ ಬೈತಾನೆ. ಪೆನ್ಕಾ, ನೀನು ನಗಬೇಡ, ನಿಂದೂ ಇದೆ…”

ಆ ದನಿ ಬೀದಿಯುದ್ದಕ್ಕೂ ಕೇಳಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು, ಯಾರೂ ಮುಚ್ಚಿಕೊಳ್ಳಲಿಲ್ಲ. ಪೆನ್ಕಾ ಎಡಕ್ಕೆ, ರುಸಾನಾ ಬಲಕ್ಕೆ ಹೆಜ್ಜೆ ಹಾಕುತ್ತ ಬೈಸಿಕೊಂಡರು. ಚರ್ಚಿನ ಮೂಲೆಯವರೆಗೆ ತಲೆ ತಗ್ಗಿಸಿಯೇ ಇದ್ದರು. ಅಲ್ಲಿಂದ ಪೆನ್ಕಾ ಎದುರುತ್ತರ ಕೊಡಲು ಶುರುಮಾಡಿದಳು, ನೀನೇನು ಕಮ್ಮಿ, ನನ್ನ ಮದುವೆಯಲ್ಲಿ ಒಂದು ನಗೆ ನಗಲಿಲ್ಲ ಎಂದು. ರುಸಾನಾ ವಸಂತದ ವರ್ಣನೆಯನ್ನು ಸಮರ್ಥಿಸಿಕೊಂಡಳು. ಔಷಧಿ ಅಂಗಡಿ ಬರುವ ಹೊತ್ತಿಗೆ ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಹದಿನಾರರ ಹುಡುಗಿಯರು ಶಾಲೆ ಬಿಟ್ಟು ಬರುವಾಗ ಮಾತಾಡುವಂತೆ. ಎಲ್ಲರಿಗಿಂತ ಜೋರು, ನಡುವೆ ನಡೆಯುತ್ತಿದ್ದ ಗೆರ್ಗಿನಾಳದೇ.